ಕಣ್ಣು ಕಾಣದವರೂ ಬಳಸುವ ವೆಬ್‌ಸೈಟ್ ಬೇಕಾದರೆ ಕರಾರಿನಲ್ಲಿ ಯಾವ ಷರತ್ತು ಬರೆಸಬೇಕು?

ನಮ್ಮ ಶಾಲೆಗೆ ನೂರು ವರ್ಷ ತುಂಬಿದಾಗ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ವೆಬ್‌ಸೈಟ್ ಮಾಡಿಸಿದೆವು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಇರುವ ಸಣ್ಣ ಕನ್ನಡ ಶಾಲೆ. ಗಲ್ಫಿನಲ್ಲಿ ಇರುವವರು, ಬೆಂಗಳೂರಿನಲ್ಲಿ ಇರುವವರು, ಊರಿನಲ್ಲೇ ಅಡಿಕೆ ತೋಟ ನೋಡಿಕೊಂಡು ಇರುವವರು ಎಲ್ಲರೂ ಅದರಲ್ಲಿ ಹೆಸರು ದಾಖಲಿಸಬೇಕು ಎಂಬ ಯೋಚನೆ. ಮೊದಲ ಹೆಸರು ನಮಗೆ ಕನ್ನಡ ಕಲಿಸಿದ ಮಾಷ್ಟ್ರದ್ದೇ ಆಗಬೇಕು ಎಂದು ಸಮಿತಿಯಲ್ಲಿ ತೀರ್ಮಾನವಾಯಿತು.

ಮಾಷ್ಟ್ರಿಗೆ ಗ್ಲಾಕೋಮಾ ಬಂದು ಎರಡೂ ಕಣ್ಣು ಹೋಗಿ ಕೆಲವು ವರ್ಷವಾಗಿದೆ. ಆದರೆ ಫೋನು ಬಳಸುವುದರಲ್ಲಿ ನಮಗಿಂತ ಚುರುಕು. ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಬೆಳಗ್ಗೆ ಪೇಪರ್ ಓದಿಸಿಕೊಳ್ಳುತ್ತಾರೆ, ವಾಟ್ಸಾಪ್‌ಗೆ ಉತ್ತರ ಕೊಡುತ್ತಾರೆ. ಉದ್ಘಾಟನೆಯ ದಿನ ವೇದಿಕೆಯ ಬದಿಯಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಅವರು ಬೆರಳು ಸರಿಸಿದರು. ಫೋನು "ಬಟನ್" ಎಂದಿತು. ಇನ್ನೊಮ್ಮೆ ಸರಿಸಿದರು, "ಎಡಿಟ್ ಬಾಕ್ಸ್" ಎಂದಿತು. ಹೆಸರು ಬರೆಯುವ ಜಾಗವೋ, ಫೋನ್ ನಂಬರಿನ ಜಾಗವೋ ಹೇಳಲಿಲ್ಲ. ಮೇಲಿನ ಕನ್ನಡ ಸಾಲಿಗೆ ಬಂದಾಗ ಇಂಗ್ಲಿಷ್ ದನಿಯಲ್ಲಿ ಏನೋ ತೊದಲಿ ಸುಮ್ಮನಾಯಿತು.

"ಬಟನ್ ಉಂಟು ಅಂತ ಹೇಳ್ತದೆ, ಎಂತ ಬಟನ್ ಅಂತ ಹೇಳುದಿಲ್ಲ ಮಗಳೇ. ನೀನೇ ತುಂಬಿಸು" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ನನ್ನ ಕಾಗುಣಿತ ತಿದ್ದಿದ ಮಾಷ್ಟ್ರು ಅವರು. ಅವರ ಹೆಸರನ್ನು ನಾನು ಬರೆದುಕೊಡಬೇಕಾಯಿತು.

ಮರುದಿನ ಸೈಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿದೆ. ಅವರು ಕರಾರು ತೆಗೆದು ಓದಿದರು. "ವೆಬ್‌ಸೈಟ್ ಎಲ್ಲರಿಗೂ ಬಳಸಲು ಸುಲಭವಾಗಿರತಕ್ಕದ್ದು" ಎಂಬ ಒಂದು ಸಾಲು ಅದರಲ್ಲಿತ್ತು. "ಸುಲಭವಾಗಿಯೇ ಉಂಟಲ್ಲ ಮೇಡಂ, ಎಲ್ಲರೂ ಬಳಸ್ತಿದ್ದಾರೆ" ಎಂದರು. ಹಣ ಪೂರ್ತಿ ಕೊಟ್ಟಾಗಿತ್ತು. ತಿದ್ದಿಕೊಡಲು ಬೇರೆ ಕೊಟೇಶನ್ ಕಳಿಸಿದರು.

ಆಮೇಲೆ ನಾನು ಈ ಕರಾರುಗಳನ್ನು ಕೂತು ಓದಲು ಶುರು ಮಾಡಿದೆ. ಲೆಕ್ಕಪತ್ರದ ಕೆಲಸ ಮಾಡುವವಳಾದ್ದರಿಂದ ಟೆಂಡರು, ವರ್ಕ್ ಆರ್ಡರು ನನಗೆ ಹೊಸತಲ್ಲ. ಗ್ರಂಥಾಲಯದವರು, ಸಹಕಾರಿ ಸಂಘದವರು, ಬೇರೆ ಶಾಲೆಯವರು ಬಂದು ಕೇಳಿದಾಗ ನೋಡಿಕೊಟ್ಟಿದ್ದೇನೆ. ವಿಕಲಚೇತನರಿಗೆ ಸೈಟ್ ಬಳಸಲು ಆಗಬೇಕು ಎಂಬ ವಿಷಯದಲ್ಲಿ ನಾಲ್ಕು ಬಗೆಯ ಷರತ್ತುಗಳು ಕಾಣಸಿಗುತ್ತವೆ. ನಾಲ್ಕರ ಬೆಲೆಯೂ ಬೇರೆ, ಫಲವೂ ಬೇರೆ.

ಈ ಮಾತು ಕಾಸರಗೋಡಿನವರಿಗೆ ಯಾಕೆ ಜಾಸ್ತಿ ತಟ್ಟಬೇಕು ಎಂದು ಮೊದಲು ಹೇಳುತ್ತೇನೆ. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುಮಾರು ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಜಿಲ್ಲೆ ಇದು. ಎಣ್ಮಕಜೆಯ ಪಡ್ರೆ ಕಡೆಯ ಮನೆಗಳಲ್ಲಿ ಆಗ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರ ಪಿಂಚಣಿ, ಚಿಕಿತ್ಸೆ, ಪರಿಹಾರದ ಅರ್ಜಿ ಎಲ್ಲ ಈಗ ಆನ್‌ಲೈನ್. ಅದರ ಮೇಲೆ ನಮಗೆ ಇನ್ನೊಂದು ಗೋಡೆ ಉಂಟು. ಇಲ್ಲಿಯ ಸೈಟ್‌ಗಳು ಮೊದಲು ಮಲಯಾಳದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರುತ್ತವೆ, ಕೊನೆಗೆ ನೆನಪಾದರೆ ಕನ್ನಡದಲ್ಲಿ. ಕಣ್ಣು ಕಾಣದ ಕನ್ನಡಿಗ ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ, ತನ್ನ ಒಟಿಪಿಯನ್ನು ಗುರುತಿಲ್ಲದವರಿಗೆ ಹೇಳಿ, ತನ್ನ ಖಾತೆಯ ವಿವರವನ್ನು ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಓದಿಸಿಕೊಳ್ಳಬೇಕು. ಇದು ಮರ್ಯಾದೆಯ ಪ್ರಶ್ನೆ ಅಲ್ವಾ?

ಒಂದು ಸಾಲಿನ ಭರವಸೆ

ಮೊದಲನೆಯದು ನಮಗೆ ಆದದ್ದೇ. "ಎಲ್ಲರಿಗೂ ಸುಲಭವಾಗಿರಬೇಕು" ಅಥವಾ "ಚಾಲ್ತಿಯಲ್ಲಿರುವ ಕಾನೂನಿಗೆ ಅನುಗುಣವಾಗಿರಬೇಕು" ಎಂಬ ಒಂದು ಸಾಲು. ಖರ್ಚಿಲ್ಲ, ಚರ್ಚೆಯಿಲ್ಲ, ಎರಡೂ ಕಡೆಯವರು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ.

ಕಾನೂನಿನ ಹೆಸರು ಹೇಳಿದರೆ ಸಾಕಲ್ಲ ಎಂದು ಹಲವರು ಕೇಳುತ್ತಾರೆ. ಕಾನೂನು ಇದೆ, ನಿಜ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 46ನೇ ಸೆಕ್ಷನ್ ಸರ್ಕಾರಿ ಸೇವೆ ಕೊಡುವವರಿಗೂ ಖಾಸಗಿಯವರಿಗೂ ಅನ್ವಯಿಸುತ್ತದೆ. ಕಾಯ್ದೆ ಮುರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50 ಸಾವಿರದಿಂದ 5 ಲಕ್ಷದವರೆಗೆ. ಆದರೆ ಆ ಕಾಯ್ದೆಯಡಿ ಮಾಡಿದ ನಿಯಮಗಳ 15(1)ನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಒಪ್ಪಲಿಲ್ಲ. ರಾಜೀವ್ ರತೂರಿ ಪ್ರಕರಣ ಅದು. ಕಾಯ್ದೆ "ಮಾಡಲೇಬೇಕು" ಎನ್ನುವಾಗ ನಿಯಮ "ಮಾಡಿದರೆ ಒಳ್ಳೆಯದು" ಎನ್ನುವ ಹಾಗಿದೆ, ಕಡ್ಡಾಯದ ನಿಯಮ ಬೇರೆಯಾಗಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್ 30ರಂದು ಪ್ರಗ್ಯಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಬಳಸಲು ಆಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು ತೀರ್ಪು ಕೊಟ್ಟಿತು. ಕ್ಯಾಮರಾ ಮುಂದೆ ಕಣ್ಣು ಮಿಟುಕಿಸಿ ಕೆವೈಸಿ ಮಾಡಿ ಎಂದರೆ ಆಸಿಡ್ ದಾಳಿಗೆ ಒಳಗಾದವರು, ಕಣ್ಣು ಕಾಣದವರು ಏನು ಮಾಡಬೇಕು ಎಂಬುದು ಅಲ್ಲಿಯ ಪ್ರಶ್ನೆಯಾಗಿತ್ತು.

ಹಾಗಾಗಿ ಹಕ್ಕು ಗಟ್ಟಿಯಾಗಿದೆ, ಅದನ್ನು ಅಳೆಯುವ ಕೋಲು ಮಾತ್ರ ಕೈಯಿಂದ ಕೈಗೆ ಬದಲಾಗುತ್ತಿದೆ. "ಕಾನೂನಿನ ಪ್ರಕಾರ" ಎಂದಷ್ಟೇ ಬರೆದರೆ, ಯಾವ ಕೋಲು ಎಂದು ಜಗಳವಾಡುತ್ತ ಕೂರಬೇಕಾಗುತ್ತದೆ. ಕೋಲಿನ ಹೆಸರನ್ನೇ ಬರೆಸಬೇಕು.

ಮೂಲೆಯಲ್ಲಿ ಕೂರುವ ಗಾಲಿಕುರ್ಚಿ ಗುರುತು

ಎರಡನೆಯದು ಪ್ಲಗಿನ್. ಓವರ್‌ಲೇ ಎಂದೂ ಕರೆಯುತ್ತಾರೆ. ಸೈಟಿನ ಮೂಲೆಯಲ್ಲಿ ಒಂದು ನೀಲಿ ಉರುಟು, ಒಳಗೆ ಗಾಲಿಕುರ್ಚಿ ಅಥವಾ ಮನುಷ್ಯನ ಚಿತ್ರ. ಒತ್ತಿದರೆ ಅಕ್ಷರ ದೊಡ್ಡದು ಮಾಡುವುದು, ಬಣ್ಣ ಬದಲಿಸುವುದು, ಓದಿ ಹೇಳುವುದು ಎಲ್ಲ ಸಿಗುತ್ತದೆ. ವರ್ಷಕ್ಕೆ ಇಷ್ಟು ಎಂದು ಚಂದಾ. "ಒಂದು ಸಾಲು ಕೋಡ್ ಹಾಕಿದರೆ ಮುಗೀತು, ಸೈಟ್ ಪೂರ್ತಿ ಮಾನದಂಡಕ್ಕೆ ಸರಿಹೊಂದುತ್ತದೆ" ಎಂಬ ಮಾತಿನೊಂದಿಗೆ ಬರುತ್ತದೆ.

ಇದಕ್ಕೆ ಹಣ ಹಾಕಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಕಣ್ಣು ಕಾಣದವರ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಓದುವ ತಂತ್ರಾಂಶ ಆಗಲೇ ಇರುತ್ತದೆ. ಮಾಷ್ಟ್ರಿಗೆ ಇನ್ನೊಂದು ದನಿ ಬೇಕಾಗಿಲ್ಲ. ಆ ದನಿಗೆ ಓದಲು ಬಟನ್ನಿನ ಹೆಸರು ಬೇಕು. ಹೆಸರಿಲ್ಲದ ಬಟನ್ನಿಗೆ ಪ್ಲಗಿನ್ ಊಹಿಸಿ ಹೆಸರಿಟ್ಟರೆ ಅದು ಊಹೆಯಷ್ಟೇ. ಎಷ್ಟೋ ಸಲ ಅದರ ಓದುವ ದನಿಯೂ ಇವರ ಫೋನಿನ ದನಿಯೂ ಒಟ್ಟಿಗೆ ಮಾತಾಡಿ ಎರಡೂ ಕೇಳದ ಹಾಗಾಗುತ್ತದೆ.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆಕ್ಸೆಸಿಬಿ ಎಂಬ ಓವರ್‌ಲೇ ಕಂಪನಿಗೆ 10 ಲಕ್ಷ ಡಾಲರ್ ಕಟ್ಟಲು ಹೇಳಿತು. ತನ್ನ ಎಐ ಉಪಕರಣ ಯಾವುದೇ ವೆಬ್‌ಸೈಟನ್ನು ಮಾನದಂಡಕ್ಕೆ ಸರಿಹೊಂದಿಸುತ್ತದೆ ಎಂದು ಪ್ರಚಾರ ಮಾಡಿದ್ದು ಆಧಾರವಿಲ್ಲದ ಮಾತು ಎಂಬುದು ಆರೋಪ. ನಿಮ್ಮ ವೆಂಡರ್ ಕೊಟೇಶನ್ನಿನಲ್ಲಿ ಪ್ಲಗಿನ್ ಸೇರಿಸಿದ್ದರೆ ಅದನ್ನು ತೆಗೆಸಿ, ಆ ಹಣವನ್ನು ಪರೀಕ್ಷೆಗೆ ಇಡಿ.

ಮಾನದಂಡದ ಹೆಸರು ಬರೆಸುವುದಾದರೆ ಯಾವುದನ್ನು?

ಮೂರನೆಯ ದಾರಿ ಇದು. ಇಲ್ಲಿಂದ ಕೆಲಸ ಶುರುವಾಗುತ್ತದೆ. ನಮ್ಮ ಮುಂದೆ ಮೂರು ಹೆಸರು ಬರುತ್ತವೆ.

ಡಬ್ಲ್ಯುಸಿಎಜಿ ಎಂಬುದು ಜಗತ್ತಿನಾದ್ಯಂತ ಬಳಸುವ ಮಾನದಂಡ. ಕೆಲಸದವರು ವಿಕ್ಯಾಗ್ ಎನ್ನುತ್ತಾರೆ. ಎ, ಎಎ, ಎಎಎ ಎಂದು ಮೂರು ಮಟ್ಟ. ಎಲ್ಲ ಕಡೆ ಕೇಳುವುದು ಎಎ. 2008ರ 2.0 ಆವೃತ್ತಿಯಲ್ಲಿ ಎಎ ಮಟ್ಟ ಮುಟ್ಟಲು 38 ಅಂಶ ಪಾಲಿಸಬೇಕಿತ್ತು, 2018ರ 2.1ರಲ್ಲಿ 50, 2023ರ ಅಕ್ಟೋಬರಿನಲ್ಲಿ ಬಂದ 2.2ರಲ್ಲಿ 55. ಫೋನಿನ ಕಾಲಕ್ಕೆ ಬೇಕಾದ ಅಂಶಗಳು ಸೇರಿದ್ದು 2.1ರಿಂದ. 2.2ರಲ್ಲಿ ಬಟನ್ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕು, ಲಾಗಿನ್ ಆಗಲು ನೆನಪಿನ ಪರೀಕ್ಷೆ, ಒಗಟಿನ ಪರೀಕ್ಷೆ ಇಡಬಾರದು ಎಂಬಂಥವು ಬಂದವು. ಕೈ ನಡುಗುವವರಿಗೆ, ವಯಸ್ಸಾದವರಿಗೆ ಇದರ ಬೆಲೆ ಗೊತ್ತು.

ಜಿಐಜಿಡಬ್ಲ್ಯು ಎಂಬುದು ಭಾರತ ಸರ್ಕಾರದ ವೆಬ್‌ಸೈಟ್‌ಗಳ ಮಾರ್ಗಸೂಚಿ. 2009ರಲ್ಲಿ ಮೊದಲು ಬಂತು, 3.0 ಆವೃತ್ತಿ 2023ರದ್ದು. ಅದು ಬಳಕೆಯ ಸುಲಭದ ಜೊತೆಗೆ ಗುಣಮಟ್ಟ, ಭದ್ರತೆ ಎಲ್ಲವನ್ನೂ ಹಿಡಿಯುತ್ತದೆ. ಪಂಚಾಯತ್, ಸರ್ಕಾರಿ ಕಚೇರಿ, ನಿಗಮದ ಸೈಟ್‌ಗೆ ಅದು ಸರಿ. ಗ್ರಂಥಾಲಯಕ್ಕೋ ಹಾಲಿನ ಸಂಘಕ್ಕೋ ಅದರ ಪೂರ್ತಿ ಹೊರೆ ಬೇಕಾಗಿಲ್ಲ.

ಐಎಸ್ 17802 ನಮ್ಮ ದೇಶದ ಮಾನಕ ಸಂಸ್ಥೆಯದ್ದು, ಅದೇ ಐಎಸ್‌ಐ ಗುರುತು ಕೊಡುವ ಸಂಸ್ಥೆ. ಎರಡು ಭಾಗ. 2021ರ ಮೊದಲ ಭಾಗ ಏನೇನು ಇರಬೇಕು ಎನ್ನುತ್ತದೆ. 2022ರ ಎರಡನೇ ಭಾಗ ಅದು ಇದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ ಎನ್ನುತ್ತದೆ. 2023ರಲ್ಲಿ ಇದನ್ನು ವಿಕಲಚೇತನರ ಹಕ್ಕುಗಳ ನಿಯಮಗಳಿಗೂ ಸೇರಿಸಿದರು. ಇದಕ್ಕೆ ತಳಹದಿಯಾದ ಯುರೋಪಿನ ಇಎನ್ 301 549 ಮಾನದಂಡ ಹುಟ್ಟಿದ್ದೇ ಸರ್ಕಾರಗಳು ಕಂಪ್ಯೂಟರ್ ಸಾಮಾನು, ಸೇವೆ ಖರೀದಿಸುವಾಗ ಕರಾರಿನಲ್ಲಿ ಬರೆಯಲಿಕ್ಕೆ. ವೆಬ್‌ಸೈಟ್ ಮಾತ್ರವಲ್ಲ, ಮೊಬೈಲ್ ಆಪ್, ಪಿಡಿಎಫ್ ಕಡತ ಎಲ್ಲ ಇದರೊಳಗೆ ಬರುತ್ತವೆ.

ಮೂರನ್ನೂ ಓದಿದ ಮೇಲೆ ನಾನು ಬರೆಸುವುದು ಹೀಗೆ: "ಐಎಸ್ 17802 ಭಾಗ 1 ಮತ್ತು 2ನ್ನು ಪಾಲಿಸತಕ್ಕದ್ದು, ವೆಬ್ ಪುಟಗಳು ಡಬ್ಲ್ಯುಸಿಎಜಿ 2.2ರ ಎಎ ಮಟ್ಟ ಮುಟ್ಟತಕ್ಕದ್ದು." 2.2 ಮುಟ್ಟಿದ ಪುಟ 2.1ನ್ನೂ ಮುಟ್ಟಿದ ಹಾಗೆಯೇ. ಹಾಗಾಗಿ ಹಳೆಯದನ್ನು ಬೇರೆ ಬರೆಸುವ ಅಗತ್ಯವಿಲ್ಲ. ಹೊಸ ಸೈಟ್ ಕಟ್ಟುವಾಗಲೇ ಹೇಳಿದರೆ ಖರ್ಚು ಅಷ್ಟೇನೂ ಏರುವುದಿಲ್ಲ. ಮನೆ ಕಟ್ಟಿ ಮುಗಿದ ಮೇಲೆ ಕಿಟಕಿ ಇಡಿಸಲು ಹೊರಟರೆ ಗೋಡೆ ಒಡೆಯಬೇಕು.

ಮಾನದಂಡದ ಹೆಸರು ಬರೆಸಿದ ಮೇಲೆ ವೆಂಡರ್ ಪುರಾವೆ ಏನು ಕೊಡಬೇಕು ಎಂಬುದೂ ಬೇಕಲ್ಲ. ಅಲ್ಲಿ ಸುಮಾರು ಜನ ಎಡವುತ್ತಾರೆ. "ಲೈಟ್‌ಹೌಸ್‌ನಲ್ಲಿ 100ಕ್ಕೆ 100 ಬಂದಿದೆ" ಎಂದು ಹಸಿರು ಉರುಟಿನ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಲೈಟ್‌ಹೌಸ್, ಆಕ್ಸ್, ವೇವ್ ಇವೆಲ್ಲ ಸೈಟಿನ ದೋಷ ತಾನಾಗಿ ಹುಡುಕುವ ಒಳ್ಳೆಯ ಉಪಕರಣಗಳು, ಬಿಟ್ಟಿಯಾಗಿ ಸಿಗುತ್ತವೆ, ಬಳಸಲೇಬೇಕು. ಆದರೆ ಯಂತ್ರ ನೋಡುವುದು ವಿವರ ಇದೆಯೋ ಇಲ್ಲವೋ ಎಂದು, ಆ ವಿವರಕ್ಕೆ ಅರ್ಥ ಇದೆಯೋ ಎಂದಲ್ಲ. ನಾನು ನೋಡಿದ ಒಂದು ಸೈಟಿನಲ್ಲಿ ವಾರ್ಷಿಕೋತ್ಸವದ ಎಲ್ಲ ಫೋಟೋಗಳಿಗೂ "ಐಎಂಜಿ 2043", "ಐಎಂಜಿ 2044" ಎಂದು ವಿವರ ಇತ್ತು. ಯಂತ್ರ ಪಾಸು ಮಾಡಿತು. ಕೇಳುವವರಿಗೆ ಅಲ್ಲಿ ಚೆಂಡೆಯೂ ಇಲ್ಲ, ವೇಷವೂ ಇಲ್ಲ, ಬರೀ ನಂಬರು.

ದೊಡ್ಡ ಕಂಪನಿಗಳ ರೆಡಿಮೇಡ್ ತಂತ್ರಾಂಶ ತೆಗೆದುಕೊಳ್ಳುವುದಾದರೆ ವಿಪ್ಯಾಟ್ ಎಂಬ ವರದಿ ಕೇಳಿ. ಮತಯಂತ್ರದ ವಿವಿಪ್ಯಾಟ್ ಬೇರೆ, ಇದು ಬೇರೆ. ಪ್ರತಿಯೊಂದು ಅಂಶದ ಎದುರೂ ಪೂರ್ತಿ ಇದೆ, ಅರ್ಧ ಇದೆ, ಇಲ್ಲ ಎಂದು ಕಂಪನಿಯೇ ಬರೆದುಕೊಡುವ ಪಟ್ಟಿ ಅದು. ಎಲ್ಲ ಕಡೆ "ಪೂರ್ತಿ ಇದೆ" ಎಂದಿದ್ದರೆ ನನಗೆ ಸಂಶಯ ಬರುತ್ತದೆ. ಎಲ್ಲಿ ಕೊರತೆ ಇದೆ, ಯಾವಾಗ ಸರಿಪಡಿಸುತ್ತೇವೆ ಎಂದು ಬರೆದ ವರದಿಯನ್ನು ಜಾಸ್ತಿ ನಂಬುತ್ತೇನೆ.

ಕೊನೆಯ ಕಂತು ಯಾರ ಕೈಯಲ್ಲಿ?

ನಾಲ್ಕನೆಯ ಬಗೆಯ ಷರತ್ತು ಎಲ್ಲಕ್ಕಿಂತ ಗಟ್ಟಿ ಎಂದು ನನ್ನ ನಂಬಿಕೆ. ಮಾನದಂಡದ ಹೆಸರಿನ ಜೊತೆಗೆ, ಸೈಟಿನಲ್ಲಿ ಜನ ನಿಜವಾಗಿ ಮಾಡುವ ನಾಲ್ಕೈದು ಕೆಲಸಗಳನ್ನು ಪಟ್ಟಿ ಮಾಡುವುದು. ಅವನ್ನು ವಿಕಲಚೇತನರೇ ಕೂತು, ಯಾರ ಸಹಾಯವೂ ಇಲ್ಲದೆ ಮಾಡಿ ತೋರಿಸಿದ ಮೇಲೆ ಮಾತ್ರ ಕೊನೆಯ ಕಂತು ಕೊಡುವುದು.

ಶಾಲೆಯ ಸೈಟಿನ ಪಾಠ ಕಲಿತ ಮೇಲೆ ನಮ್ಮೂರ ಗ್ರಂಥಾಲಯದ ಕರಾರಿನಲ್ಲಿ ಇದನ್ನೇ ಬರೆಸಿದೆವು. 100ಕ್ಕೆ 25 ರೂಪಾಯಿ ಹಿಡಿದಿಟ್ಟೆವು. ನಾಲ್ಕು ಕೆಲಸ: ಸದಸ್ಯನಾಗಿ ಹೆಸರು ದಾಖಲಿಸುವುದು, ಪುಸ್ತಕ ಹುಡುಕಿ ಕಾದಿರಿಸುವುದು, ಚಂದಾ ಕಟ್ಟುವುದು, ಕಾರ್ಯಕ್ರಮದ ವೀಡಿಯೊ ನೋಡಿ ಮುಂದಿನ ಕಾರ್ಯಕ್ರಮ ಯಾವಾಗ ಎಂದು ತಿಳಿಯುವುದು. ಪರೀಕ್ಷೆಗೆ ಮೂವರನ್ನು ಕರೆದೆವು. ಟಾಕ್‌ಬ್ಯಾಕ್ ಹಿಡಿದು ಮಾಷ್ಟ್ರು. ಮೌಸ್ ಹಿಡಿಯಲು ಆಗದ, ಕೀಬೋರ್ಡಿನಲ್ಲೇ ಕೆಲಸ ಮಾಡುವ ಒಬ್ಬಳು ಹುಡುಗಿ. ಕಿವಿ ಕೇಳದ ಒಬ್ಬರು ಟೈಲರ್ ಅಣ್ಣ. ಮೂವರಿಗೂ ಒಂದು ದಿನದ ಸಂಬಳ ಕೊಟ್ಟೆವು. ಅದನ್ನೂ ಕರಾರಿನಲ್ಲೇ ಬರೆಸಿ. ಪರೀಕ್ಷೆ ಮಾಡಿಕೊಡುವುದು ಕೆಲಸ, ಉಪಕಾರವಲ್ಲ.

ಮೊದಲ ದಿನ ಕೀಬೋರ್ಡಿನ ಹುಡುಗಿ ತಿಂಗಳು, ದಿನ ಆರಿಸುವ ಕ್ಯಾಲೆಂಡರಿನೊಳಗೆ ಸಿಕ್ಕಿಹಾಕಿಕೊಂಡಳು. ಟ್ಯಾಬ್ ಒತ್ತಿದಷ್ಟೂ ಅದರೊಳಗೇ ಸುತ್ತಿತು, ಹೊರಗೆ ಬರಲು ದಾರಿಯೇ ಇಲ್ಲ. ಟೈಲರ್ ಅಣ್ಣನಿಗೆ ವೀಡಿಯೊದಲ್ಲಿ ಕಾರ್ಯಕ್ರಮದ ದಿನಾಂಕ ತಿಳಿಯಲಿಲ್ಲ, ಅದನ್ನು ಬಾಯಿಯಲ್ಲಿ ಹೇಳಿದ್ದರು, ಕೆಳಗೆ ಬರಹ ಇರಲಿಲ್ಲ. ಮಾಷ್ಟ್ರು ಪುಸ್ತಕ ಕಾದಿರಿಸಿದರು, ಆದರೆ ಕಾದಿರಿಸಿದ್ದು ಆಯಿತೋ ಇಲ್ಲವೋ ಎಂದು ಅವರಿಗೆ ಗೊತ್ತಾಗಲಿಲ್ಲ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಂದು ಹೋಯಿತು, ಫೋನು ಅದನ್ನು ಓದಲೇ ಇಲ್ಲ. ಸೈಟ್ ಮಾಡಿದ ಹುಡುಗ ಅಲ್ಲೇ ಬದಿಯಲ್ಲಿ ಕೂತು ನೋಡುತ್ತಿದ್ದ. ಅವನಿಗೆ ಏನನ್ನೂ ವಿವರಿಸಬೇಕಾಗಿ ಬರಲಿಲ್ಲ. ಹತ್ತು ದಿನ ಬಿಟ್ಟು ಎಲ್ಲ ತಿದ್ದಿಕೊಂಡು ಬಂದ. ಎರಡನೇ ಸಲ ಮಾಷ್ಟ್ರು ನಾಲ್ಕು ನಿಮಿಷದಲ್ಲಿ ಪುಸ್ತಕ ಕಾದಿರಿಸಿ, "ಆಯ್ತು ಅಂತ ಹೇಳಿತು ಮಗಳೇ" ಎಂದರು. ಅದೇ ಸಂಜೆ ಚೆಕ್ ಬರೆದೆವು.

ಇದರ ದೌರ್ಬಲ್ಯವೂ ಉಂಟು. ಮೂವರು ಪರೀಕ್ಷಿಸಿದರೆ ಎಲ್ಲ ಬಗೆಯ ತೊಂದರೆ ಹೊರಗೆ ಬರುವುದಿಲ್ಲ. 2016ರ ಕಾಯ್ದೆ ಹೆಸರಿಸಿದ ಅಂಗವೈಕಲ್ಯಗಳೇ 21. ಬಣ್ಣ ಗುರುತಿಸಲಾಗದವರು, ಓದುವುದು ನಿಧಾನವಾಗುವವರು ನಮ್ಮ ಪರೀಕ್ಷೆಯಲ್ಲಿ ಇರಲಿಲ್ಲ. ಅದಕ್ಕೇ ಮೂರನೆಯ ದಾರಿಯನ್ನು ಬಿಡಬಾರದು. ಪರೀಕ್ಷೆಗೆ ಸಿಗದ್ದನ್ನು ಮಾನದಂಡ ಹಿಡಿಯುತ್ತದೆ, ಮಾನದಂಡದ ಕಾಗದದಲ್ಲಿ ಜಾರಿದ್ದು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ದೋಷ ಸಿಕ್ಕಿದ ಮೇಲೆ ತಿದ್ದಲು ಎಷ್ಟು ದಿನ ಎಂಬುದನ್ನು ಬರೆಯದೆ ಬಿಡಬೇಡಿ. ಕೆಲಸವೇ ನಿಂತುಹೋಗುವ ದೋಷಕ್ಕೆ ಐದು ಕೆಲಸದ ದಿನ, ಕಷ್ಟಪಟ್ಟಾದರೂ ದಾಟಬಹುದಾದ ದೋಷಕ್ಕೆ ಮೂವತ್ತು ದಿನ ಎಂದು ನಾನು ಬರೆಸುತ್ತೇನೆ. ಬೇರೆ ಹಣ ಇಲ್ಲದೆ. ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು, ಇರುವಷ್ಟು ಕಾಲವೂ ಇದು ಅನ್ವಯಿಸಬೇಕು, ಯಾಕೆಂದರೆ ಒಳ್ಳೆಯ ಸೈಟೂ ಒಂದು ಅಪ್‌ಡೇಟಿನಲ್ಲಿ ಕೆಡುತ್ತದೆ. ಹಣ ಕಟ್ಟುವ ಪುಟ ಬೇರೆ ಕಂಪನಿಯದ್ದಾಗಿದ್ದರೆ "ಅದು ನಮ್ಮ ಕೈಯಲ್ಲಿ ಇಲ್ಲ" ಎನ್ನುತ್ತಾರೆ. ಹಾಗಾದರೆ ಅದನ್ನು ಆರಿಸುವ ಮೊದಲೇ ಅದರ ವರದಿ ತೋರಿಸಬೇಕು ಎಂದು ಬರೆಸಿ.

ಕನ್ನಡಕ್ಕೆಂದೇ ಬರೆಸಬೇಕಾದದ್ದು

ಇಂಗ್ಲಿಷಿನ ಮಾದರಿ ಕರಾರುಗಳಲ್ಲಿ ಈ ಭಾಗ ಸಿಗುವುದಿಲ್ಲ. ನಾವೇ ಬರೆಸಬೇಕು.

ಪ್ರತಿಯೊಂದು ಪುಟಕ್ಕೂ ಒಳಗಿನ ಕೋಡಿನಲ್ಲಿ ಭಾಷೆಯ ಗುರುತು ಒಂದಿರುತ್ತದೆ. ಕನ್ನಡಕ್ಕೆ "ಕೆಎನ್", ಮಲಯಾಳಕ್ಕೆ "ಎಂಎಲ್", ಇಂಗ್ಲಿಷಿಗೆ "ಇಎನ್". ಓದುವ ತಂತ್ರಾಂಶ ಯಾವ ದನಿ ಬಳಸಬೇಕು ಎಂದು ಇದನ್ನು ನೋಡಿ ತೀರ್ಮಾನಿಸುತ್ತದೆ. ಕೊಚ್ಚಿಯಲ್ಲೋ ಮಂಗಳೂರಿನಲ್ಲೋ ಕೂತು ಸೈಟ್ ಮಾಡುವವರು ಮಲಯಾಳ ಅಥವಾ ಇಂಗ್ಲಿಷ್ ಪುಟವನ್ನು ನಕಲು ಮಾಡಿ ಕನ್ನಡ ಅಕ್ಷರ ಹಾಕುತ್ತಾರೆ, ಗುರುತು ಹಳೆಯದೇ ಉಳಿಯುತ್ತದೆ. ಕಣ್ಣಿಗೆ ಪುಟ ಚೆನ್ನಾಗಿಯೇ ಕಾಣುತ್ತದೆ. ಮಾಷ್ಟ್ರ ಫೋನು ಉದ್ಘಾಟನೆಯ ದಿನ ತೊದಲಿದ್ದು ಇದರಿಂದಲೇ. ಎರಡು ಅಕ್ಷರ ತಿದ್ದಿದರೆ ಮುಗಿಯುವ ಕೆಲಸ ಅದು. ಒಂದೇ ಪುಟದಲ್ಲಿ ಎರಡು ಭಾಷೆ ಇದ್ದರೆ ಆಯಾ ಭಾಗಕ್ಕೆ ಬೇರೆ ಬೇರೆ ಗುರುತು ಇರಬೇಕು. ನಮ್ಮ ಜಿಲ್ಲೆಯಲ್ಲಿ ಹಾಗಿರುವ ಪುಟಗಳೇ ಜಾಸ್ತಿ.

ಇನ್ನೊಂದು, ಮರೆಯಲ್ಲಿರುವ ಹೆಸರುಗಳು. ಬಟನ್ ಮೇಲೆ "ಸಲ್ಲಿಸಿ" ಎಂದು ಕನ್ನಡದಲ್ಲಿ ಕಾಣುತ್ತದೆ, ಓದುವ ತಂತ್ರಾಂಶಕ್ಕೆಂದು ಒಳಗೆ ಇಟ್ಟ ಹೆಸರು ಮಾತ್ರ ಮಲಯಾಳದಲ್ಲೇ ಇರುತ್ತದೆ. ಅನುವಾದ ಮಾಡಿದವರಿಗೆ ಅದು ಕಾಣುವುದೇ ಇಲ್ಲ. "ಪರದೆಯ ಮೇಲೆ ಕಾಣದ, ಓದುವ ತಂತ್ರಾಂಶಕ್ಕೆ ಮಾತ್ರ ಕೇಳುವ ಎಲ್ಲ ಹೆಸರುಗಳೂ ಆಯಾ ಪುಟದ ಭಾಷೆಯಲ್ಲೇ ಇರತಕ್ಕದ್ದು" ಎಂದು ಬರೆಸಿ.

ಮೂರನೆಯದು ನಮ್ಮ ಒತ್ತಕ್ಷರ. ಕಣ್ಣು ಮಂದವಾದವರು ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿ ಓದುತ್ತಾರೆ. ಇಂಗ್ಲಿಷಿನ ಅಳತೆಗೆ ಮಾಡಿದ ಚೌಕದೊಳಗೆ ಕನ್ನಡ ಹಾಕಿದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. "ಹುದ್ದೆ" ಎಂಬುದು "ಹುದೆ" ಆಗುತ್ತದೆ, "ಅಕ್ಕಿ" ಎಂಬುದು "ಅಕಿ". ಶೇಕಡಾ 200ಕ್ಕೆ ಹಿಗ್ಗಿಸಿದಾಗ ಒತ್ತಕ್ಷರ, ಕೊಂಬು, ದೀರ್ಘ ಯಾವುದೂ ಕತ್ತರಿಸಬಾರದು ಎಂದು ಸ್ಪಷ್ಟವಾಗಿ ಬರೆಸಿ, ಪರೀಕ್ಷೆಯ ದಿನ ನೋಡಿ.

ಯಾವ ಕಂಪ್ಯೂಟರಿಗೂ ಕನ್ನಡವನ್ನು ಕನ್ನಡವೆಂದೇ ತಿಳಿಸುವ ಯೂನಿಕೋಡ್ ಅಕ್ಷರಗಳ ವಿಷಯ ಎಲ್ಲರಿಗೂ ಗೊತ್ತು ಎಂದುಕೊಂಡಿದ್ದೆ. ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಈಗಲೂ ಪಿಡಿಎಫ್ ಮಾಡಿ ಏರಿಸುತ್ತಾರೆ. ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ರಾಶಿ. ಓದುವ ತಂತ್ರಾಂಶ ಆ ರಾಶಿಯನ್ನೇ ಓದುತ್ತದೆ.

ಹಾಗೆಯೇ, ಕನ್ನಡದ ಪುಟ ಮಲಯಾಳದ ಪುಟದಷ್ಟೇ ಪೂರ್ಣವಾಗಿರಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೆ ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಪಂಚಾಯತ್ ಸದಸ್ಯರು ಯಾರಾದರೂ ಇದನ್ನು ಓದುತ್ತಿದ್ದರೆ, ಟೆಂಡರ್ ಕರೆಯುವಾಗ ಎರಡು ಹಕ್ಕನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ.

ನಮ್ಮ ಕೈಯಲ್ಲಿರುವ ಪಾಲು

ವೆಂಡರ್ ಎಷ್ಟೇ ಚೆನ್ನಾಗಿ ಮಾಡಿಕೊಟ್ಟರೂ ಆಮೇಲೆ ಸೈಟಿಗೆ ಬರಹ, ಫೋಟೋ ಏರಿಸುವವರು ನಾವು. ಮಹಾಸಭೆಯ ನೋಟಿಸನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಮೊಬೈಲಿನಲ್ಲಿ ಫೋಟೋ ಹೊಡೆದು ಏರಿಸಿದರೆ ಕಣ್ಣು ಕಾಣದ ಸದಸ್ಯನಿಗೆ ಅಲ್ಲಿ ಇರುವುದು ಒಂದು ಚಿತ್ರ ಮಾತ್ರ. ಸಹಿ ಹಾಕಿದ ಪ್ರತಿ ಬೇಕಿದ್ದರೆ ಇರಲಿ, ಅದರ ಕೆಳಗೆ ನೋಟಿಸಿನ ಬರಹವನ್ನೂ ಟೈಪ್ ಮಾಡಿ ಹಾಕಬೇಕು. ಆದ್ದರಿಂದ ಕರಾರಿನಲ್ಲಿ ಒಂದು ದಿನದ ತರಬೇತಿ ಸೇರಿಸಿ. ಕಚೇರಿಯ ಕ್ಲಾರ್ಕ್ ಕೂತು, ಫೋಟೋಗೆ ವಿವರ ಬರೆಯುವುದು, ತಲೆಬರಹ ಕೊಡುವುದು, ಪಿಡಿಎಫ್ ಸರಿಯಾಗಿ ಮಾಡುವುದು ಕಲಿಯಬೇಕು.

ಯಾರಿಗೆ ಯಾವುದು

ಸಣ್ಣ ಸಂಘ, ಭಜನಾ ಮಂದಿರ, ಯುವಕ ಮಂಡಲ ಎಂದಾದರೆ ಹತ್ತು ಪುಟದ ಕರಾರು ಬೇಡ. ಈಗಾಗಲೇ ಚೆನ್ನಾಗಿರುವ ರೆಡಿಮೇಡ್ ವಿನ್ಯಾಸ ತೆಗೆದುಕೊಳ್ಳಿ, ವರ್ಕ್ ಆರ್ಡರಿನಲ್ಲಿ ಮಾನದಂಡದ ಒಂದು ಸಾಲು, ಭಾಷೆಯ ಗುರುತಿನ ಒಂದು ಸಾಲು, ಎರಡು ಕೆಲಸದ ಪರೀಕ್ಷೆ, ಕೊನೆಯ ಕಂತು. ಒಂದು ಹಾಳೆ ಸಾಕು.

ಸಹಕಾರಿ ಸಂಘ, ಬ್ಯಾಂಕು ಎಂದರೆ ಜನರ ಹಣದ ಮಾತು. ಅಲ್ಲಿ ನಾಲ್ಕನೆಯ ದಾರಿ ಪೂರ್ತಿಯಾಗಿ ಬೇಕು, ಆಪ್ ಇದ್ದರೆ ಅದಕ್ಕೂ ಬೇಕು. ಜೊತೆಗೆ ಹೊರಗಿನ ತಜ್ಞರಿಂದ ಒಂದು ಆಡಿಟ್ ಮಾಡಿಸಿ, ಅದರ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಇಡಿ. ಆಡಿಟ್ ಮಾಡುವವರನ್ನು ವೆಂಡರ್ ಆರಿಸಬಾರದು, ಸಂಘ ಆರಿಸಬೇಕು. ಪಂಚಾಯತ್, ಸರ್ಕಾರಿ ಸಂಸ್ಥೆಗಳಾದರೆ ಜಿಐಜಿಡಬ್ಲ್ಯು 3.0, ಅದರ ಮೇಲೆ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯೂಸಿಯ ಪ್ರಮಾಣಪತ್ರ ಕೇಳುವುದು ಸರಿಯಾದ ದಾರಿ. ಅಲ್ಲಿಯೂ ಜನ ಕೂತು ಮಾಡುವ ಪರೀಕ್ಷೆಯನ್ನು ಬಿಡಬೇಡಿ.

ಶಾಲೆಗಳ ಬಗ್ಗೆ ನನಗೆ ಒಂದು ಆಸೆ ಇದೆ. ಪರೀಕ್ಷೆಗೆ ಹೊರಗಿನವರನ್ನು ಹುಡುಕುವ ಮೊದಲು ನಿಮ್ಮದೇ ಹಳೆ ವಿದ್ಯಾರ್ಥಿಗಳನ್ನು, ನಿವೃತ್ತ ಮಾಷ್ಟ್ರು ಟೀಚರುಗಳನ್ನು ಕೇಳಿ. ಪ್ರತಿ ಶಾಲೆಯಲ್ಲೂ ಒಬ್ಬರಾದರೂ ಸಿಗುತ್ತಾರೆ.

ಕರಾರು ಆಗಲೇ ಆಗಿದ್ದರೆ

ಸುಮಾರು ಜನರ ಸ್ಥಿತಿ ಇದೇ. ಸೈಟ್ ಆಗಿದೆ, ಹಣ ಹೋಗಿದೆ. ಆದರೆ ಎಎಂಸಿ ವರ್ಷ ವರ್ಷ ನವೀಕರಣ ಆಗುತ್ತದಲ್ಲ, ಬಾಗಿಲು ಅಲ್ಲಿ ತೆರೆದಿರುತ್ತದೆ. ನವೀಕರಣಕ್ಕೆ ಎರಡು ತಿಂಗಳು ಇರುವಾಗ ಒಂದು ಪರೀಕ್ಷೆ ಮಾಡಿ. ನಿಮ್ಮ ಫೋನಿನಲ್ಲೇ ಟಾಕ್‌ಬ್ಯಾಕ್ ಹಾಕಿ, ಪರದೆಗೆ ಬಟ್ಟೆ ಮುಚ್ಚಿ, ಸೈಟಿನಲ್ಲಿ ಒಂದು ಅರ್ಜಿ ತುಂಬಿಸಲು ನೋಡಿ. ಕಂಪ್ಯೂಟರಿನಲ್ಲಾದರೆ ಎನ್‌ವಿಡಿಎ ಎಂಬ ಓದುವ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಆಮೇಲೆ ಬಳಸುವವರೊಬ್ಬರನ್ನು ಕೂರಿಸಿ ಅದನ್ನೇ ಮತ್ತೊಮ್ಮೆ ಮಾಡಿಸಿ. ನಿಮಗೆ ಸಿಗದ ದೋಷಗಳು ಅವರಿಗೆ ಸಿಗುತ್ತವೆ.

ಆ ಪಟ್ಟಿಯನ್ನು ಕಾಗದಕ್ಕೆ ಲಗತ್ತಿಸಿ, "ಇವಿಷ್ಟು ಸರಿಯಾದ ಮೇಲೆ ಮುಂದಿನ ವರ್ಷದ ಎಎಂಸಿಗೆ ಸಹಿ ಹಾಕುತ್ತೇವೆ" ಎಂದು ವೆಂಡರಿಗೆ ಕಳಿಸಿ. ಕಾಗದದ ಪ್ರತಿಯನ್ನು ಸಮಿತಿಯ ನಿರ್ಣಯ ಪುಸ್ತಕಕ್ಕೆ ಅಂಟಿಸಿ ಇಡಿ, ಮುಂದಿನ ಸಮಿತಿಯವರಿಗೆ ಅದು ಬೇಕಾಗುತ್ತದೆ. ನಮ್ಮ ಶಾಲೆಯ ಸೈಟಿನ ಕಾಗದ ಹೋದ ತಿಂಗಳು ಕಳಿಸಿದೆವು. ಪಟ್ಟಿಯಲ್ಲಿ ಒಂಬತ್ತು ದೋಷಗಳಿವೆ, ಎಲ್ಲವನ್ನೂ ಮಾಷ್ಟ್ರೇ ಹೇಳಿ ಬರೆಸಿದ್ದು.